ಮೋಡದ ಮುಚ್ಚಳ, ಮರಳಿನ ಒಲೆ: ದಕ್ಷಿಣ ಕ್ಯಾಲಿಫೋರ್ನಿಯಾದ ಬೇಸಿಗೆಯ ಮೊದಲ ತಿಂಗಳುಗಳು

ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಾಳೆಯ ಹವೆ ಹೇಗಿರುತ್ತದೆ ಎಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಯಾರಾದರೂ ಕೇಳಿದರೆ ನಾನು ಮೊದಲು ‘ಎಲ್ಲಿ?’ ಎಂದು ಮರುಪ್ರಶ್ನೆ ಹಾಕುತ್ತೇನೆ. ಜೂನ್ ತಿಂಗಳಲ್ಲಿ ಸ್ಯಾನ್ ಡಿಯಾಗೊದ ಸರಾಸರಿ ಗರಿಷ್ಠ ತಾಪಮಾನ ಸುಮಾರು 22 ಡಿಗ್ರಿ ಸೆಲ್ಸಿಯಸ್. ಅದೇ ತಿಂಗಳಲ್ಲಿ ಮರಳುಗಾಡಿನ ಎಲ್ ಸೆಂಟ್ರೊ, ಪಾಮ್ ಸ್ಪ್ರಿಂಗ್ಸ್ ಊರುಗಳಲ್ಲಿ ಅದು 40ರ ಸುತ್ತಮುತ್ತ ಇರುತ್ತದೆ. ಸ್ಯಾನ್ ಡಿಯಾಗೊದಿಂದ ಎಲ್ ಸೆಂಟ್ರೊಗೆ ರಸ್ತೆಯ ಮೇಲೆ ಇರುವುದು ಸುಮಾರು 185 ಕಿಲೋಮೀಟರ್, ಎರಡು ಗಂಟೆಯ ದಾರಿ. ಈ ಎರಡು ಗಂಟೆಗಳಲ್ಲಿ ಹದಿನೆಂಟು, ಇಪ್ಪತ್ತು ಡಿಗ್ರಿಗಳ ಅಂತರವನ್ನು ದಾಟುತ್ತೇವೆ. ಇವೆರಡನ್ನೂ ಬೇರೆ ಬೇರೆ ಹವಾಮಾನಗಳೆಂದು ಭಾವಿಸುವುದು ಸಹಜ. ಆದರೆ ಕಡಲ ದಂಡೆಯ ಚಳಿಯೂ ಮರಳುಗಾಡಿನ ಸುಡುಬಿಸಿಲೂ ಒಂದೇ ವ್ಯವಸ್ಥೆಯ ಎರಡು ತುದಿಗಳು. ಒಂದನ್ನು ಬಿಟ್ಟು ಇನ್ನೊಂದರ ಮುನ್ಸೂಚನೆಯನ್ನು ಓದಲು ಬರುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಮೊದಲು ದಂಡೆಯ ಕಡೆ ನೋಡೋಣ. ಇಲ್ಲಿನವರು ‘ಮೇ ಗ್ರೇ’, ‘ಜೂನ್ ಗ್ಲೂಮ್’ ಎಂದು ಕರೆಯುವ ಆ ಮಂಕು ಬೆಳಗುಗಳು ನಿಮಗೆಲ್ಲ ಪರಿಚಿತ. ಮಕ್ಕಳನ್ನು, ಮೊಮ್ಮಕ್ಕಳನ್ನು ನೋಡಲು ಊರಿನಿಂದ ಜೂನ್ ತಿಂಗಳಿನಲ್ಲಿ ಬಂದಿಳಿದ ಅಪ್ಪ ಅಮ್ಮಂದಿರು, ಬೇಸಿಗೆ ಎಂದು ಹೇಳಿ ಕರೆಸಿಕೊಂಡಿರಲ್ಲ ಎಂದು ಕೇಳುತ್ತಾ ಬೆಳಿಗ್ಗೆ ಹತ್ತು ಗಂಟೆಗೂ ಸ್ವೆಟರ್ ತೆಗೆಯದೆ ಕೂರುವುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಅವರ ಪ್ರಶ್ನೆ ಸರಿಯಾದದ್ದೇ. ಸೂರ್ಯ ನೆತ್ತಿಗೆ ಅತ್ಯಂತ ಹತ್ತಿರ ಬರುವ ತಿಂಗಳಲ್ಲೇ ಆಕಾಶ ಅತ್ಯಂತ ಮುಚ್ಚಿಕೊಂಡಿರುವುದೇಕೆ?

ಇದಕ್ಕೆ ಮೂರು ಕಾರಣಗಳು ಒಟ್ಟಿಗೆ ಸೇರಬೇಕು. ಒಂದನೆಯದು ನೀರಿನ ತಂಪು. ಕ್ಯಾಲಿಫೋರ್ನಿಯಾ ಪ್ರವಾಹ ಎಂಬ ಸಾಗರದ ಹರಿವು ಉತ್ತರದ ತಣ್ಣನೆಯ ನೀರನ್ನು ದಂಡೆಯುದ್ದಕ್ಕೂ ದಕ್ಷಿಣಕ್ಕೆ ತರುತ್ತದೆ. ಅದರ ಜೊತೆಗೆ ವಸಂತದಲ್ಲಿ ವಾಯವ್ಯ ದಿಕ್ಕಿನ ಗಾಳಿ ಬಲವಾಗಿ ಬೀಸಿದಾಗ, ಭೂಮಿಯ ತಿರುಗುವಿಕೆಯ ಪರಿಣಾಮವಾಗಿ ಮೇಲ್ಮೈ ನೀರು ದಂಡೆಯಿಂದ ದೂರ ಸರಿದು, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಎದ್ದು ಬರುತ್ತದೆ. ಪಾಯಿಂಟ್ ಕನ್ಸೆಪ್ಷನ್ ಎಂಬ ಭೂಶಿರದಿಂದ ಉತ್ತರಕ್ಕೆ ಇದು ಜೋರು, ನಮ್ಮ ಕಡೆ ಸ್ವಲ್ಪ ಕಡಿಮೆ. ಆದರೂ ಜೂನ್‌ನಲ್ಲಿ ಇಲ್ಲಿನ ಸಮುದ್ರದ ನೀರು ಸಾಮಾನ್ಯವಾಗಿ 18ರಿಂದ 20 ಡಿಗ್ರಿಯಷ್ಟೇ ಇರುತ್ತದೆ. ಲಾ ಹೋಯಾದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯ ಕಟ್ಟೆಯಿಂದ 1916ರಿಂದ ಇಂದಿನವರೆಗೆ ಪ್ರತಿದಿನವೂ ಸಮುದ್ರದ ನೀರಿನ ತಾಪವನ್ನು ಅಳೆಯುತ್ತಾ ಬಂದಿದ್ದಾರೆ. ನೂರಕ್ಕೂ ಹೆಚ್ಚು ವರ್ಷ ಎಡೆಬಿಡದೆ ಒಂದೇ ಜಾಗದಲ್ಲಿ ನಡೆದಿರುವ ಈ ಸರಳ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. 2018ರ ಆಗಸ್ಟ್‌ನಲ್ಲಿ ಅಲ್ಲಿನ ನೀರು 1931ರ ದಾಖಲೆಯನ್ನು ಮುರಿಯಿತು ಎಂದು ನಾವು ಖಚಿತವಾಗಿ ಹೇಳಬಲ್ಲೆವಾದರೆ, ಆ 1931ರಲ್ಲಿ ಯಾರೋ ಒಬ್ಬರು ತಪ್ಪದೆ ಕಟ್ಟೆಯ ತುದಿಗೆ ನಡೆದುಹೋಗಿ ಅಳತೆ ಬರೆದಿಟ್ಟರು ಎಂಬುದೇ ಅದಕ್ಕೆ ಆಧಾರ.

ಎರಡನೆಯದು ಮೇಲಿನಿಂದ ಇಳಿಯುವ ಬಿಸಿ ಗಾಳಿ. ಬೇಸಿಗೆ ಹತ್ತಿರವಾದಂತೆ ಪೆಸಿಫಿಕ್ ಸಾಗರದ ಮೇಲಿನ ಅಧಿಕ ಒತ್ತಡದ ಪ್ರದೇಶ ಉತ್ತರಕ್ಕೆ ಸರಿದು ಬಲಿಯುತ್ತದೆ. ಅಧಿಕ ಒತ್ತಡವಿದ್ದಲ್ಲಿ ಗಾಳಿ ನಿಧಾನವಾಗಿ ಕೆಳಗಿಳಿಯುತ್ತದೆ, ಇಳಿಯುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಕೆಳಗೆ ಸಮುದ್ರಕ್ಕೆ ತಾಗಿದ ತಣ್ಣನೆಯ, ತೇವ ತುಂಬಿದ ಗಾಳಿ. ಮೇಲೆ ಬಿಸಿಯಾದ ಒಣ ಗಾಳಿ. ಬೆಟ್ಟ ಹತ್ತಿದಂತೆ ತಂಪಾಗುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಇಲ್ಲಿ ಅದು ತಲೆಕೆಳಗು. ಕೆಲವು ನೂರು ಮೀಟರ್ ಮೇಲೆ ಹೋದರೆ ತಾಪಮಾನ ಒಮ್ಮೆಲೇ ಏರುತ್ತದೆ. ಇದನ್ನು ತಾಪ ವಿಪರ್ಯಯ ಎನ್ನುತ್ತಾರೆ. ಕೆಳಗಿನ ತಂಪು ಗಾಳಿ ಭಾರ, ಮೇಲಿನ ಬಿಸಿ ಗಾಳಿ ಹಗುರ. ಆದ್ದರಿಂದ ಕೆಳಗಿನದು ಮೇಲೇಳಲಾರದು. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಆ ಮುಚ್ಚಳದ ಅಡಿಯಲ್ಲಿ ರಾತ್ರಿಯೆಲ್ಲ ಮೋಡ ಹೆಪ್ಪುಗಟ್ಟುತ್ತದೆ.

ಮೂರನೆಯ ಕಾರಣ ಮರಳುಗಾಡೇ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕರ್ನಾಟಕದ ಕರಾವಳಿಯನ್ನು ಬಲ್ಲವರಿಗೆ ಇಲ್ಲಿ ಒಂದು ಗೊಂದಲವಾಗುತ್ತದೆ. ಅಲ್ಲಿಯೂ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟ, ಘಟ್ಟದಾಚೆ ಮಳೆ ಕಡಿಮೆಯಿರುವ ಬಯಲುಸೀಮೆ. ಜೂನ್‌ನಲ್ಲಿ ಸಮುದ್ರದ ಕಡೆಯಿಂದ ಗಾಳಿ ಬೀಸಿ ಆಕಾಶ ಕಪ್ಪಾಗುತ್ತದೆ. ಹಾಗಾದರೆ ಇಲ್ಲಿ ಮಳೆ ಏಕಿಲ್ಲ? ಅರಬ್ಬಿ ಸಮುದ್ರದ ನೀರು ಬೆಚ್ಚಗಿರುತ್ತದೆ, ಅದರ ಮೇಲಿನ ಗಾಳಿ ಹಗುರವಾಗಿ, ತೇವವನ್ನು ಹೊತ್ತು ಘಟ್ಟವೇರಿ, ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಬೆಳೆದು ಸುರಿಯುತ್ತದೆ. ಇಲ್ಲಿನ ಮೋಡದ ದಪ್ಪ ಕೆಲವು ನೂರು ಮೀಟರ್ ಮಾತ್ರ, ಅದರ ತಲೆಯ ಮೇಲೆ ಮುಚ್ಚಳ. ಹೆಚ್ಚೆಂದರೆ ಕಾರಿನ ಗಾಜಿನ ಮೇಲೆ ತುಂತುರು ಕೂರುತ್ತದೆ. ಸ್ಯಾನ್ ಡಿಯಾಗೊದ ವರ್ಷದ ಒಟ್ಟು ಮಳೆಯೇ ಸುಮಾರು 250 ಮಿಲಿಮೀಟರ್, ಅದೂ ಹೆಚ್ಚಿನದೆಲ್ಲ ಚಳಿಗಾಲದಲ್ಲಿ ಬಂದುಹೋಗಿರುತ್ತದೆ.

ಈ ಮುಚ್ಚಳ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಬೇಸಿಗೆಯ ಆರಂಭದ ಮುನ್ಸೂಚನೆಯೆಲ್ಲ ನಿಂತಿದೆ. ಸ್ಯಾನ್ ಡಿಯಾಗೊದ ಮಿರಮಾರ್‌ನಿಂದ ದಿನಕ್ಕೆ ಎರಡು ಬಾರಿ, ಬೇಸಿಗೆಯ ಸಮಯದ ಪ್ರಕಾರ ಬೆಳಿಗ್ಗೆ ಐದರ ಮತ್ತು ಸಂಜೆ ಐದರ ಸುಮಾರಿಗೆ, ಉಪಕರಣ ಕಟ್ಟಿದ ಬಲೂನು ಮೇಲೇರುತ್ತದೆ. ಅದು ಕಳಿಸುವ ಅಂಕಿಗಳನ್ನು ರೇಖೆಯಾಗಿ ಬರೆದಾಗ ನನಗೆ ಪ್ರತಿ ಸಲವೂ ಸೋಜಿಗವಾಗುತ್ತದೆ: ನೆಲದಿಂದ ಮೇಲೆ ಮೇಲೆ ತಣ್ಣಗಾಗುತ್ತಾ ಹೋಗುವ ಗೆರೆ, ಮೋಡದ ನೆತ್ತಿಗೆ ಬಂದೊಡನೆ ಯಾರೋ ತಳ್ಳಿದಂತೆ ಬಲಕ್ಕೆ ವಾಲಿ, ಅತ್ಯಲ್ಪ ಎತ್ತರದಲ್ಲೇ ಹತ್ತು ಡಿಗ್ರಿಯಷ್ಟು ಬಿಸಿಯನ್ನು ತೋರಿಸುತ್ತದೆ. ಆ ತಿರುವು 300 ಮೀಟರಿಗಿಂತ ಕೆಳಗಿದ್ದರೆ ದಂಡೆಯಲ್ಲಿ ಮೋಡಕ್ಕಿಂತ ಮಂಜೇ ಹೆಚ್ಚು, ಒಳನಾಡಿನಲ್ಲಿ ಬೆಳಗಿನಿಂದಲೇ ಬಿಸಿಲು. 500, 600 ಮೀಟರಿನಲ್ಲಿದ್ದರೆ ಕಣಿವೆಗಳೂ ಬೆಳಿಗ್ಗೆ ಮೋಡದಡಿ ಇರುತ್ತವೆ, ಮಧ್ಯಾಹ್ನದ ಹೊತ್ತಿಗೆ ತೆರವಾಗುತ್ತವೆ. 1200 ಮೀಟರ್ ದಾಟಿದರೆ ಮೋಡ ಬೆಟ್ಟದ ಇಳಿಜಾರಿನವರೆಗೂ ತುಂಬಿ, ತುಂತುರು ಬಿದ್ದು, ದಂಡೆಯವರಿಗೆ ಆ ದಿನ ಸೂರ್ಯನೇ ಕಾಣದೆ ಹೋಗಬಹುದು. ಮೋಡ ಕರಗುವ ಕ್ರಮವನ್ನೂ ಗಮನಿಸಿ. ಅದು ನಡುವಿನಿಂದಲ್ಲ, ಒಳನಾಡಿನ ಅಂಚಿನಿಂದ ಕರಗುತ್ತಾ ಸಮುದ್ರದ ಕಡೆಗೆ ಹಿಂದೆ ಸರಿಯುತ್ತದೆ, ಏಕೆಂದರೆ ಅಂಚಿನಲ್ಲಿ ಮೋಡ ತೆಳು, ಸುತ್ತಲಿನ ಬಿಸಿ ನೆಲದ ಗಾಳಿ ಅದನ್ನು ಬೇಗ ಒಣಗಿಸುತ್ತದೆ. ಕೊನೆಗೆ ಬಿಸಿಲು ತಲುಪುವುದು ಮರಳ ದಂಡೆಗೆ.

ಮುಚ್ಚಳದ ಎತ್ತರವನ್ನು ರಾತ್ರೋರಾತ್ರಿ ಬದಲಿಸಿಬಿಡುವ ಒಂದು ಸಂಗತಿಯಿದೆ, ಕ್ಯಾಟಲಿನಾ ಸುಳಿ. ಪಾಯಿಂಟ್ ಕನ್ಸೆಪ್ಷನ್ ಬಳಿ ದಂಡೆ ಪೂರ್ವಕ್ಕೆ ತಿರುಗುವುದರಿಂದ, ಆಚೆ ಕಡಲಲ್ಲಿ ಬೀಸುವ ವಾಯವ್ಯ ಗಾಳಿ ಒಳಗಿನ ಕೊಲ್ಲಿಯಂಥ ಭಾಗದಲ್ಲಿ ಅಪ್ರದಕ್ಷಿಣವಾಗಿ ಸುತ್ತುವ ಸುಳಿಯನ್ನು ಹುಟ್ಟಿಸುತ್ತದೆ. ಆ ಸುಳಿ ಸಮುದ್ರದ ತಂಪು ಗಾಳಿಯನ್ನು ದಂಡೆಯತ್ತ ತಂದು ಪೇರಿಸಿ ಮುಚ್ಚಳವನ್ನು ಮೇಲಕ್ಕೆತ್ತುತ್ತದೆ. ಹಿಂದಿನ ಸಂಜೆ ತೆಳ್ಳಗಿದ್ದ ಮೋಡದ ಪದರ ಬೆಳಗಾಗುವಷ್ಟರಲ್ಲಿ ಎರಡು ಪಟ್ಟಾಗಿರುವುದುಂಟು. ಮುನ್ಸೂಚನೆ ತಪ್ಪಿತು ಎಂದು ನೀವು ಬೇಸರಿಸಿಕೊಂಡ ಎಷ್ಟೋ ಬೆಳಗುಗಳ ಹಿಂದೆ ಈ ಸುಳಿಯ ಕೈವಾಡವಿರುತ್ತದೆ.

ಮುಚ್ಚಳದ ವಿಷಯದಲ್ಲಿ ಒಂದು ಹಳೆಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. 1542ರಲ್ಲಿ ಹುವಾನ್ ರೊಡ್ರೀಗೆಸ್ ಕಾಬ್ರಿಯೊ ಹಡಗಿನಲ್ಲಿ ಈ ದಂಡೆಯಗುಂಟ ಸಾಗುವಾಗ, ಇಂದಿನ ಲಾಸ್ ಏಂಜಲೀಸ್‌ನ ಬಂದರಿನ ಹತ್ತಿರದ ಕೊಲ್ಲಿಗೆ ‘ಹೊಗೆಗಳ ಕೊಲ್ಲಿ’ ಎಂದು ಹೆಸರಿಟ್ಟ. ದಂಡೆಯಲ್ಲಿ ಮೂಲನಿವಾಸಿಗಳು ಹಾಕಿದ್ದ ಬೆಂಕಿಗಳ ಹೊಗೆ ಅವನ ಕಣ್ಣಿಗೆ ಬಿದ್ದಿತ್ತು. ನಾಲ್ಕು ನೂರು ವರ್ಷಗಳ ನಂತರ ಅದೇ ಬಯಲಿನಲ್ಲಿ ಕಾರುಗಳ ಹೊಗೆ ಕೊಳೆತು ನಿಂತು ಜನರ ಕಣ್ಣು, ಎದೆ ಉರಿಸಿದಾಗಲೂ ಅದನ್ನು ಚದುರಲು ಬಿಡದೆ ಅದುಮಿ ಹಿಡಿದದ್ದು ಈ ತಾಪ ವಿಪರ್ಯಯವೇ.

ಈಗ ಬೆಟ್ಟ ದಾಟೋಣ. ಒಂದು ಜೂನ್ ಬೆಳಿಗ್ಗೆ ನಾನು ಎಂಟನೇ ನಂಬರಿನ ಅಂತರರಾಜ್ಯ ಹೆದ್ದಾರಿಯಲ್ಲಿ ಸ್ಯಾನ್ ಡಿಯಾಗೊದಿಂದ ಪೂರ್ವಕ್ಕೆ ಹೊರಟಿದ್ದೆ. ಮನೆ ಬಿಡುವಾಗ ಹದಿನೇಳು ಡಿಗ್ರಿ. ಗಾಜಿನ ಮೇಲೆ ಕೂರುವ ತೇವವನ್ನು ಒರೆಸಲು ಆಗಾಗ ವೈಪರ್ ಹಾಕಬೇಕಾಗಿತ್ತು. ಸುಮಾರು 560 ಮೀಟರ್ ಎತ್ತರದ ಆಲ್ಪೈನ್ ಊರಿನ ಹತ್ತಿರ ಬೆಳಕು ಮೊದಲು ಹಾಲಿನಂತಾಯಿತು, ಆಮೇಲೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ನೀಲಿ ಆಕಾಶ. ಹಿಂದಿನ ಕನ್ನಡಿಯಲ್ಲಿ ನಾನು ಬಿಟ್ಟು ಬಂದ ಮೋಡ, ಬೆಟ್ಟದ ಸಂದುಗಳಿಗೆ ಕೈಚಾಚಿದ ಬಿಳಿಯ ಸರೋವರದಂತೆ ಕೆಳಗೆ ಮಲಗಿತ್ತು. ಅಲ್ಲಿ ಕಾರು ನಿಲ್ಲಿಸಿ ಇಳಿದರೆ ಆಗಲೇ ಇಪ್ಪತ್ತೇಳು ಡಿಗ್ರಿ. ಮುಂದೆ 1250 ಮೀಟರಿನ ಸುಮಾರಿಗೆ ಲಗೂನಾ ಬೆಟ್ಟಗಳ ನೆತ್ತಿ ದಾಟಿ, ಬರಿಯ ಬಂಡೆಗಳನ್ನು ರಾಶಿ ಹಾಕಿದಂತಿರುವ ಇನ್‌ಕೋಪಾ ಕೊರಕಲಿನಲ್ಲಿ ಇಳಿಯುವಾಗ ಪ್ರತಿ ತಿರುವಿಗೂ ಕಾರಿನ ತಾಪಮಾಪಕ ಒಂದೊಂದು ಅಂಕಿ ಏರುತ್ತಿತ್ತು. ಎದುರಿನ ಏರುದಾರಿಯಲ್ಲಿ ಬರುವ ವಾಹನಗಳ ರೇಡಿಯೇಟರ್‌ಗೆಂದು ಪಕ್ಕದಲ್ಲಿ ನೀರಿನ ತೊಟ್ಟಿಗಳನ್ನಿಟ್ಟಿದ್ದಾರೆ. ಇಂಜಿನ್ ಕಾಯದಂತೆ ಏಸಿ ಆರಿಸಿ ಎಂಬ ಫಲಕಗಳಿವೆ. ಕೆಳಗೆ ಒಕೊಟಿಯೊ ಎಂಬ ಪುಟ್ಟ ಊರಿನಲ್ಲಿ ಬಾಗಿಲು ತೆಗೆದಾಗ ಒಲೆಯ ಮುಂದೆ ಬಗ್ಗಿದ ಹಾಗೆ ಮುಖಕ್ಕೆ ಝಳ ಬಡಿಯಿತು. ನಲವತ್ತಮೂರು ಡಿಗ್ರಿ. ಹಿಂದಿನ ಸೀಟಿನಲ್ಲಿ ಬೆಳಿಗ್ಗೆ ಬಿಚ್ಚಿಟ್ಟ ಜಾಕೆಟ್ಟಿನ ತೋಳು ಇನ್ನೂ ಸ್ವಲ್ಪ ತೇವವಾಗಿಯೇ ಇತ್ತು.

ಈ ಏರಿಕೆಗೆ ಲೆಕ್ಕವಿದೆ. ಒಣ ಗಾಳಿ ಒಂದು ಕಿಲೋಮೀಟರ್ ಕೆಳಗಿಳಿದರೆ ಸುಮಾರು ಹತ್ತು ಡಿಗ್ರಿ ಬಿಸಿಯಾಗುತ್ತದೆ. ಎಲ್ ಸೆಂಟ್ರೊ ಸಮುದ್ರಮಟ್ಟಕ್ಕಿಂತ ಸುಮಾರು 12 ಮೀಟರ್ ಕೆಳಗಿದೆ. ಆದ್ದರಿಂದ ಬೆಟ್ಟದ ನೆತ್ತಿಯಿಂದ ಅಲ್ಲಿಗೆ ಇಳಿದ ಗಾಳಿ ಇಳಿದ ಕಾರಣಕ್ಕೇ ಹನ್ನೆರಡು ಡಿಗ್ರಿ ಪಡೆದುಕೊಳ್ಳುತ್ತದೆ. ಅದರ ಮೇಲೆ ಮೋಡವಿಲ್ಲದ ಆಕಾಶ, ಆವಿಯಾಗಲು ತೇವವಿಲ್ಲದ ನೆಲ. ಉತ್ತರಕ್ಕಿರುವ ಸಾಲ್ಟನ್ ಸರೋವರದ ಮೇಲ್ಮೈ ಸಮುದ್ರಮಟ್ಟಕ್ಕಿಂತ ಎಪ್ಪತ್ತು ಮೀಟರಿಗೂ ಕೆಳಗಿದೆ. ಕೊಲರಾಡೊ ನದಿ 1905ರಲ್ಲಿ ನೀರಾವರಿ ಕಾಲುವೆಯನ್ನು ಒಡೆದು ಎರಡು ವರ್ಷ ಹರಿದು ತುಂಬಿಸಿದ ತಗ್ಗು ಅದು. ಇನ್ನೂ ಉತ್ತರದ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ 86 ಮೀಟರ್ ಕೆಳಗೆ. ಅಲ್ಲಿನ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಇಂದಿಗೂ ಜಗತ್ತಿನ ಅಧಿಕೃತ ದಾಖಲೆ. ಆ ಅಳತೆಯನ್ನು ಸಂಶಯಿಸುವ ತಜ್ಞರೂ ಇದ್ದಾರೆ. ಆದರೆ 2020ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಅಲ್ಲಿ 54.4 ಡಿಗ್ರಿ ದಾಖಲಾದದ್ದು ಇತ್ತೀಚಿನ ಉಪಕರಣಗಳಲ್ಲಿ. ಇಂಥ ಬಿಸಿ ಜುಲೈಗಾಗಿ ಕಾಯುವುದಿಲ್ಲ ಎಂಬುದನ್ನೂ ನೆನಪಿಡಿ. 2021ರ ಜೂನ್ 17ರಂದು ಪಾಮ್ ಸ್ಪ್ರಿಂಗ್ಸ್ 123 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 50.6 ಸೆಲ್ಸಿಯಸ್ ಮುಟ್ಟಿ, ಅಂದಿನವರೆಗಿನ ತನ್ನ ದಾಖಲೆಯನ್ನು ಸರಿಗಟ್ಟಿತು. ಅದನ್ನು ಮುರಿದದ್ದು 2024ರ ಜುಲೈ 5ರ 124 ಫ್ಯಾರನ್‌ಹೀಟ್.

ಈಗ ಮೂರನೆಯ ಕಾರಣಕ್ಕೆ ಬರೋಣ. ಕಾದ ಮರಳುಗಾಡಿನ ಮೇಲೆ ಗಾಳಿ ಹಗುರವಾಗಿ ಮೇಲೇಳುತ್ತದೆ, ನೆಲದ ಮಟ್ಟದಲ್ಲಿ ಒತ್ತಡ ಕುಸಿಯುತ್ತದೆ. ಸಮುದ್ರದ ಮೇಲೆ ಅಧಿಕ ಒತ್ತಡ, ಮರಳುಗಾಡಿನಲ್ಲಿ ಕಡಿಮೆ ಒತ್ತಡ. ಗಾಳಿ ಸಮುದ್ರದಿಂದ ಒಳಕ್ಕೆ ಎಳೆಯಲ್ಪಡುತ್ತದೆ. ದಂಡೆಯ ಮೋಡವನ್ನು ಕಣಿವೆಗಳೊಳಕ್ಕೆ ಸೆಳೆಯುವುದು ಈ ಎಳೆತವೇ. ಆದ್ದರಿಂದಲೇ ಮುನ್ಸೂಚಕರು ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೂ ಮೊಹಾವಿ ಮರಳುಗಾಡಿನ ಡ್ಯಾಗೆಟ್‌ಗೂ ನಡುವಿನ ಒತ್ತಡದ ವ್ಯತ್ಯಾಸವನ್ನು ದಿನವೂ ನೋಡುತ್ತಾರೆ. ವ್ಯತ್ಯಾಸ ಕೆಲವೇ ಮಿಲಿಬಾರ್ ಹೆಚ್ಚಾದರೂ ದಂಡೆಯಲ್ಲಿ ಮೋಡ ಕರಗುವುದು ತಡವಾಗುತ್ತದೆ, ಬೆಟ್ಟದ ಸಂದುಗಳಲ್ಲಿ ಗಾಳಿ ಭೋರ್ಗರೆಯುತ್ತದೆ. ಪಾಮ್ ಸ್ಪ್ರಿಂಗ್ಸ್ ಹತ್ತಿರದ ಸ್ಯಾನ್ ಗೊರ್ಗೋನಿಯೊ ಕಣಿವೆಮಾರ್ಗದಲ್ಲಿ ಸಾಲುಸಾಲು ಗಾಳಿಯಂತ್ರಗಳನ್ನು ನೀವು ನೋಡಿದ್ದೀರಿ. ಒಂದು ಕಡೆ 3506 ಮೀಟರಿನ ಸ್ಯಾನ್ ಗೊರ್ಗೋನಿಯೊ, ಇನ್ನೊಂದು ಕಡೆ 3302 ಮೀಟರಿನ ಸ್ಯಾನ್ ಹಸಿಂಟೊ ಶಿಖರ. ನಡುವಿನ ಆ ಇಕ್ಕಟ್ಟಿನಲ್ಲಿ ಕಡಲ ಗಾಳಿಯೆಲ್ಲ ನುಗ್ಗಿಹೋಗಬೇಕು. ಮರಳುಗಾಡಿನ ಪಶ್ಚಿಮದಂಚಿನಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಗಾಳಿ ಜೋರಾಗಿ, ದೂಳೆದ್ದು, ಹೆದ್ದಾರಿಯಲ್ಲಿ ಎತ್ತರದ ವಾಹನಗಳು ಓಲಾಡುವುದು ಈ ಹಂಗಾಮಿನಲ್ಲೇ ಹೆಚ್ಚು.

ಹಾಗಾಗಿ ಒಂದು ವಾರದ ಮುನ್ಸೂಚನೆಯಲ್ಲಿ ಮರಳುಗಾಡಿಗೆ ‘ಗಾಳಿ ಜೋರು, ತಾಪ ಸ್ವಲ್ಪ ಇಳಿಕೆ’ ಎಂದಿದ್ದರೆ, ದಂಡೆಯವರು ಮೋಡ ದಪ್ಪವಾಗುತ್ತದೆ ಎಂದು ಓದಿಕೊಳ್ಳಬೇಕು. ಮರಳುಗಾಡಿಗೆ ತೀವ್ರ ಬಿಸಿಯ ಎಚ್ಚರಿಕೆ ಬಂದಿದ್ದರೆ, ಮೇಲೆ ಅಧಿಕ ಒತ್ತಡ ಬಲಿತು ಮುಚ್ಚಳವನ್ನು ಕೆಳಕ್ಕೆ ಅದುಮುತ್ತಿದೆ. ದಂಡೆಯಲ್ಲಿ ತೆಳುವಾದ ಮಂಜು, ಹತ್ತು ಹದಿನೈದು ಕಿಲೋಮೀಟರ್ ಒಳಗೆ ಹೋದರೆ ಬೆವರಿಳಿಸುವ ಬಿಸಿಲು. ಅಪರೂಪಕ್ಕೆ ಈ ವ್ಯವಸ್ಥೆ ಪೂರ್ತಿ ಮಗುಚಿಕೊಳ್ಳುತ್ತದೆ. ಚಳಿಗಾಲಕ್ಕೆ ಸೇರಿದ ಸ್ಯಾಂಟಾ ಆನಾ ಗಾಳಿ 2014ರ ಮೇ ತಿಂಗಳಿನಲ್ಲಿ ಒಳನಾಡಿನಿಂದ ದಂಡೆಯ ಕಡೆಗೆ ಬೀಸಿದಾಗ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಒಂದರ ಹಿಂದೊಂದು ಕಾಳ್ಗಿಚ್ಚು ಹೊತ್ತಿತು. ಮೇ ತಿಂಗಳಲ್ಲಿ ಮೋಡವಿರುತ್ತದೆಂದು ಬೆಂಕಿಯ ಚಿಂತೆಯನ್ನು ಬದಿಗಿಡುವ ಹಾಗಿಲ್ಲ; ಚಳಿಗಾಲದ ಮಳೆಗೆ ಬೆಳೆದ ಹುಲ್ಲು ಆ ಹೊತ್ತಿಗೆ ಒಣಗಿ ಬಣ್ಣ ತಿರುಗಿರುತ್ತದೆ.

ಋತುವಿನ ಮುನ್ನೋಟ ಎಂಬುದರ ಬಗ್ಗೆ ಎರಡು ಮಾತು. ಅಮೆರಿಕದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಪ್ರತಿ ತಿಂಗಳ ಮೂರನೆಯ ಗುರುವಾರ ಮುಂದಿನ ಮೂರು ತಿಂಗಳ ನಕ್ಷೆಯನ್ನು ಪ್ರಕಟಿಸುತ್ತದೆ. ನಕ್ಷೆ ಕೆಂಪಾಗಿದ್ದರೆ ಭೀಕರ ಬೇಸಿಗೆ ಬಂತು ಎಂದು ಸುದ್ದಿ ಹರಡುತ್ತದೆ. ಆ ಬಣ್ಣ ಹೇಳುವುದು ಬಿಸಿಯ ಪ್ರಮಾಣವನ್ನಲ್ಲ, ಸಂಭವವನ್ನು. 1991ರಿಂದ 2020ರವರೆಗಿನ ಮೂವತ್ತು ವರ್ಷಗಳನ್ನು ಬಿಸಿ, ಸಾಧಾರಣ, ತಂಪು ಎಂದು ಮೂರು ಸಮಪಾಲು ಮಾಡಿದರೆ ಒಂದೊಂದಕ್ಕೂ ಶೇಕಡ 33ರ ಅವಕಾಶ. ಬಿಸಿಯ ಪಾಲಿಗೆ ಶೇಕಡ 50 ಎಂದು ಬರೆದಿದ್ದರೆ, ಸಾಧಾರಣಕ್ಕೆ 33, ತಂಪಿಗೆ 17ರಷ್ಟು ಅವಕಾಶ ಉಳಿದೇ ಇದೆ ಎಂದರ್ಥ. ಇನ್ನೊಂದು ತೊಡಕೂ ಇದೆ. ಪೆಸಿಫಿಕ್ ಸಾಗರದ ನಡುಭಾಗದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ, ತಂಪಾಗುವ ಲಾ ನಿನಾಗಳ ಮುಂದಿನ ನಡೆಯನ್ನು ವಸಂತದಲ್ಲಿ ಊಹಿಸುವುದು ವರ್ಷದ ಬೇರೆಲ್ಲ ಕಾಲಗಳಿಗಿಂತ ಕಷ್ಟ. ಅದಕ್ಕಾಗಿ ದಂಡೆಯ ಮಟ್ಟಿಗೆ ನಾನು ಆ ನಕ್ಷೆಗಿಂತ ಹೆಚ್ಚಾಗಿ ಸಮುದ್ರದ ನೀರಿನ ಸದ್ಯದ ತಾಪವನ್ನು ನೆಚ್ಚುತ್ತೇನೆ. ನೀರು ವಾಡಿಕೆಗಿಂತ ಬೆಚ್ಚಗಿದ್ದರೆ ಮುಚ್ಚಳ ಸಡಿಲ, ರಾತ್ರಿಗಳು ಸೆಕೆ. ತಣ್ಣಗಿದ್ದರೆ ಮಂಕು ಜುಲೈಯವರೆಗೂ ಎಳೆಯುತ್ತದೆ.

ರಜೆಯಲ್ಲಿ ಮಕ್ಕಳೊಂದಿಗೆ ಮರಳುಗಾಡಿಗೆ ಹೊರಡುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕರಾವಳಿಯ ಸೆಕೆಯಲ್ಲಿ ಬೆಳೆದ ನಾವು ಬಿಸಿಲನ್ನು ಅಳೆಯುವುದು ಬೆನ್ನಿಗಂಟಿದ ಅಂಗಿಯಿಂದ. ಆನ್ಜಾ-ಬೊರ್ರೆಗೊದಂಥ ಕಡೆ ಜೂನ್ ಮಧ್ಯಾಹ್ನದ ತೇವಾಂಶ ಶೇಕಡ 10ಕ್ಕೂ ಕೆಳಗಿಳಿಯುತ್ತದೆ; ಬೆವರು ಮೂಡಿದ ಕ್ಷಣದಲ್ಲೇ ಆರಿಹೋಗುತ್ತದೆ, ಅಂಗಿ ಒಣಗಿಯೇ ಇರುತ್ತದೆ. ಬೆವರುತ್ತಿಲ್ಲ ಎಂದುಕೊಂಡು ನಡೆಯುತ್ತಿರುವಾಗಲೇ ದೇಹ ಗಂಟೆಗೆ ಒಂದು ಲೀಟರಿನಷ್ಟು ನೀರು ಕಳೆದುಕೊಳ್ಳುತ್ತಿರಬಹುದು. ದಂಡೆಯ ಮೋಡದಡಿಯಲ್ಲಿ ಹೊರಟವರು ಎರಡೇ ಬಾಟಲಿ ನೀರು ಇಟ್ಟುಕೊಂಡಿರುತ್ತಾರೆ, ಏಕೆಂದರೆ ಹೊರಡುವಾಗ ಬಾಯಾರಿಕೆಯೇ ಇರುವುದಿಲ್ಲ. ಹೊರಡುವ ಊರಿನ ಹವೆ ನೋಡಿ ಸಾಮಾನು ಕಟ್ಟಬೇಡಿ, ಸೇರುವ ಊರಿನ ಹವೆ ನೋಡಿ ಕಟ್ಟಿ. ರಾಷ್ಟ್ರೀಯ ಹವಾಮಾನ ಸೇವೆಯ ‘ಹೀಟ್‌ರಿಸ್ಕ್’ ನಕ್ಷೆಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಐದು ಮಟ್ಟಗಳಿವೆ. ಆ ಸ್ಥಳಕ್ಕೆ ಆ ಬಿಸಿ ಎಷ್ಟು ಅಸಾಮಾನ್ಯ, ರಾತ್ರಿ ಎಷ್ಟು ತಣಿಯುತ್ತದೆ, ಎಷ್ಟು ದಿನ ಮುಂದುವರಿಯುತ್ತದೆ ಎಂಬುದನ್ನೆಲ್ಲ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ದಂಡೆಯ ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಏಸಿ ಇಲ್ಲ. ಅಲ್ಲಿನ ವೃದ್ಧರಿಗೆ 35 ಡಿಗ್ರಿಯ ಒಂದು ವಾರ, ಮರಳುಗಾಡಿನವರಿಗೆ 42 ಡಿಗ್ರಿಯ ವಾರಕ್ಕಿಂತ ಅಪಾಯಕರವಾಗಬಹುದು.

ಕೊನೆಯದಾಗಿ, ಬೇಸಿಗೆಯ ಈ ಮೊದಲ ಭಾಗ ಮುಗಿಯುವುದು ಯಾವಾಗ? ಸೊನೋರಾ ಮರಳುಗಾಡಿನ ಜನ ಜೂನ್ 24ರ ಸಂತ ಯೋಹಾನನ ಹಬ್ಬವನ್ನು ಮಳೆಗಾಲದ ಬಾಗಿಲೆಂದು ಹಿಂದಿನಿಂದಲೂ ಎಣಿಸುತ್ತಾರೆ. ಉತ್ತರ ಅಮೆರಿಕದ ಮಾನ್ಸೂನ್ ಮೆಕ್ಸಿಕೊದಿಂದ ಮೇಲೆ ಬಂದು ಅರಿಝೋನಾ ಮುಟ್ಟುವುದು ಸಾಮಾನ್ಯವಾಗಿ ಜುಲೈ ಮೊದಲ ವಾರಗಳಲ್ಲಿ. ನಮ್ಮ ಮರಳುಗಾಡಿಗೂ ಬೆಟ್ಟಗಳಿಗೂ ಅದರ ಅಂಚು ತಾಗುತ್ತದೆ. ಆಗ ಗಾಳಿ ಆಗ್ನೇಯದಿಂದ ಬೀಸತೊಡಗುತ್ತದೆ, ಕ್ಯಾಲಿಫೋರ್ನಿಯಾ ಕೊಲ್ಲಿಯ ತೇವ ಒಳನುಗ್ಗುತ್ತದೆ, ಎಲ್ ಸೆಂಟ್ರೊದ ಕೆಲವು ರಾತ್ರಿಗಳು 30 ಡಿಗ್ರಿಗಿಂತ ಕೆಳಗಿಳಿಯಲು ಒಲ್ಲೆ ಎನ್ನುತ್ತವೆ. ಮಳೆ ಎಲ್ಲೋ ಬೆಟ್ಟದ ಮೇಲೆ ಬಿದ್ದು, ತಲೆಯ ಮೇಲೆ ಬಿಸಿಲಿರುವಾಗಲೇ ಒಣ ಹಳ್ಳದಲ್ಲಿ ಕೆಂಪು ನೀರು ಬಂದುಬಿಡಬಹುದು. ಅಂಥ ಹಳ್ಳಗಳಲ್ಲಿ ಗುಡಾರ ಹಾಕುವುದನ್ನೂ ಕಾರು ನಿಲ್ಲಿಸುವುದನ್ನೂ ಜುಲೈ ಹೊತ್ತಿಗೆ ಬಿಟ್ಟುಬಿಡಬೇಕು. ದಂಡೆಯಲ್ಲಿರುವವರಿಗೆ ಈ ಬದಲಾವಣೆ ತಿಳಿಯಲು ಬಲೂನಿನ ಅಂಕಿ ಬೇಕಿಲ್ಲ. ವಾರಗಟ್ಟಲೆ ಮಂಕಾಗಿದ್ದ ಪೂರ್ವದಿಕ್ಕು ಒಂದು ಮಧ್ಯಾಹ್ನ ತಿಳಿಯಾಗಿ, ಲಗೂನಾ ಬೆಟ್ಟಗಳ ಹಿಂದಿನಿಂದ ಹೂಕೋಸಿನ ಹಾಗೆ ಅರಳಿದ ಬಿಳಿಯ ಗುಡುಗುಮೋಡ ಮೇಲೇರುವುದು ಎಪ್ಪತ್ತು, ಎಂಬತ್ತು ಕಿಲೋಮೀಟರ್ ಆಚೆಯ ಮರಳ ದಂಡೆಯಿಂದಲೇ ಕಾಣಿಸುತ್ತದೆ.